ಕೆಂಪು ಮಣ್ಣಿನಲ್ಲಿ ಹಳದಿ ಎಲೆ

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಹೊಸ ಬಡಾವಣೆಗಳು ಕಾಣುತ್ತವೆ. ರಾಗಿ ಹೊಲವೋ ದ್ರಾಕ್ಷಿ ತೋಟವೋ ಆಗಿದ್ದ ನೆಲದಲ್ಲಿ ಈಗ ಕಾಂಪೌಂಡು ಎದ್ದಿದೆ, ಗೇಟು ನಿಂತಿದೆ, ಗೇಟಿನ ಪಕ್ಕದಲ್ಲಿ ಒಂದು ಸಂಪಿಗೆ ಗಿಡ. ಗೃಹಪ್ರವೇಶದ ವಾರ ನರ್ಸರಿಯಿಂದ ತಂದು ನೆಟ್ಟದ್ದು. ಮೊದಲ ವರ್ಷ ಚೆನ್ನಾಗಿಯೇ ಚಿಗುರುತ್ತದೆ. ಎರಡನೆಯದೋ ಮೂರನೆಯದೋ ಬೇಸಿಗೆ ಬರುವಷ್ಟರಲ್ಲಿ ತುದಿಯ ಎಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತವೆ. ನರಗಳು ಮಾತ್ರ ಹಸಿರು ಗೆರೆ ಎಳೆದಂತೆ ಉಳಿದಿರುತ್ತವೆ.

ಮನೆಯಾಕೆ ಮಾಲಿಯನ್ನು ಕೇಳುತ್ತಾರೆ. “ಗೊಬ್ಬರ ಸಾಲ್ತಾ ಇಲ್ಲ ಕಣಮ್ಮ” ಎಂದು ಅವನು ಬುಡಕ್ಕೆ ಎರಡು ಹಿಡಿ ಡಿಎಪಿ ಹಾಕುತ್ತಾನೆ. ಹದಿನೈದು ದಿನದಲ್ಲಿ ಎಲೆ ಇನ್ನಷ್ಟು ಬಿಳಚಿಕೊಳ್ಳುತ್ತದೆ. ಪಕ್ಕದ ಮನೆಯವರಿಗೆ ನೀರಿನ ಮೇಲೆ ಅನುಮಾನ; ಬೆಳಿಗ್ಗೆ ಸಂಜೆ ಪೈಪು ಹಿಡಿಯುವುದು ಶುರುವಾಗುತ್ತದೆ. ಔಷಧಿ ಅಂಗಡಿಯವರು ಹುಳುವಿಗೊಂದು ಬೂಷ್ಟಿಗೊಂದು ಎಂದು ಎರಡು ಬಾಟಲಿ ಕೊಟ್ಟು ಕಳಿಸುತ್ತಾರೆ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ರೆಂಬೆಯ ತುದಿ ಒಣಗಲು ತೊಡಗಿರುತ್ತದೆ. ಎಲ್ಲರೂ ಏನಾದರೂ ಮಾಡಿದರು. ಮರವನ್ನು ಹತ್ತು ನಿಮಿಷ ನಿಂತು ನೋಡಿದವರು ಯಾರೂ ಇರಲಿಲ್ಲ.

ಹಳದಿ ಒಂದೇ ಬಣ್ಣವಾದರೂ ಅದರ ಹಿಂದಿನ ಕಾರಣ ಹತ್ತು ಇರಬಹುದು. ಎಳೆಯ ಎಲೆಯೋ ಬಲಿತದ್ದೋ, ಇಡೀ ಮರವೋ ಒಂದೇ ಕೊಂಬೆಯೋ, ಎಲೆಯ ಅಂಚೋ ನಡುವೋ, ಯಾವ ತಿಂಗಳು: ಇಷ್ಟನ್ನು ಗಮನಿಸಿದರೆ ಹತ್ತು ಕಾರಣಗಳು ಎರಡು ಮೂರಕ್ಕೆ ಇಳಿಯುತ್ತವೆ. ಅದಕ್ಕೆ ಬೇಕಾದದ್ದು ಕಣ್ಣು, ಜೊತೆಗೊಂದು ಭೂತಗನ್ನಡಿ.

ಎಲೆಯ ವಯಸ್ಸಿನಿಂದ ಶುರು ಮಾಡುವುದು ಒಳ್ಳೆಯದು. ಸಾರಜನಕ, ಮೆಗ್ನೀಷಿಯಂ, ಪೊಟ್ಯಾಷ್ ಇವು ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಇವುಗಳಿಗೆ ಕೊರತೆ ಬಿದ್ದರೆ ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಬಲಿತ ಎಲೆ ಮೊದಲು ಸೊರಗುತ್ತದೆ: ಸಾರಜನಕದ ಕೊರತೆಗೆ ಇಡೀ ಎಲೆ ಹಳದಿ, ಮೆಗ್ನೀಷಿಯಂ ಕೊರತೆಗೆ ನರಗಳ ನಡುವೆ ಹಳದಿ, ಪೊಟ್ಯಾಷ್ ಕೊರತೆಗೆ ಅಂಚು ಸುಟ್ಟಂತೆ. ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆಯೊಳಗೆ ಸೇರಿದ ಮೇಲೆ ಅದು ಅಲ್ಲಿಂದ ಅಲುಗುವುದಿಲ್ಲ ಎನ್ನಬಹುದು. ಬೇರಿನಿಂದ ಹೊಸ ಕಬ್ಬಿಣ ಬರುವುದು ನಿಂತರೆ ಹಳೆಯ ಎಲೆ ಹಸಿರಾಗಿಯೇ ಇದ್ದು ಚಿಗುರು ಹಳದಿಯಾಗಿ ಹುಟ್ಟುತ್ತದೆ. ಗೇಟಿನ ಪಕ್ಕದ ಆ ಸಂಪಿಗೆಯ ಲಕ್ಷಣ ಇದೇ.

ಇಲ್ಲೊಂದು ಒಗಟು ಇದೆ. ಬೆಂಗಳೂರು ಗ್ರಾಮಾಂತರದ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಗ್ರಾನೈಟು, ನೈಸ್ ಬಂಡೆಗಳು ಲಕ್ಷಾಂತರ ವರ್ಷ ಸವೆದು ಉಳಿಸಿಕೊಟ್ಟ ಕಬ್ಬಿಣದ ಆಕ್ಸೈಡು ಈ ನೆಲದ ಬಣ್ಣ. ಕೈಗೆ ಹತ್ತಿದರೆ ಉಗುರಿನ ಸಂದಿಯಿಂದ ಬೇಗ ಹೋಗದ ಈ ಮಣ್ಣಿನಲ್ಲಿ ನಿಂತ ಮರಕ್ಕೆ ಕಬ್ಬಿಣ ಸಿಗದೆ ಹೋಗುವುದು ಹೇಗೆ?

ಉತ್ತರ ಮಣ್ಣಿನ ರಸಸಾರದಲ್ಲಿದೆ. ಕಬ್ಬಿಣ ಮಣ್ಣಿನಲ್ಲಿದ್ದರೆ ಸಾಲದು, ನೀರಿನಲ್ಲಿ ಕರಗಬೇಕು. ರಸಸಾರ ಒಂದು ಅಂಕ ಏರಿದರೆ ಕಬ್ಬಿಣದ ಆಕ್ಸೈಡು ಕರಗುವ ಪ್ರಮಾಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಈ ಭಾಗದ ಕೆಂಪು ಮಣ್ಣು ಸ್ವಭಾವತಃ ತುಸು ಹುಳಿ, ಅಂದರೆ ರಸಸಾರ ಏಳಕ್ಕಿಂತ ಕಡಿಮೆ, ಸಂಪಿಗೆಗೆ ಹಿಡಿಸುವಂಥದ್ದು. ಆ ಹುಳಿಯನ್ನು ಕಳೆದದ್ದು ಮನೆ ಕಟ್ಟಿದ ಕೆಲಸ ಮತ್ತು ಕೊಳವೆಬಾವಿ.

ಮನೆ ಏಳುವಾಗ ಕಾಂಪೌಂಡಿನ ಮೂಲೆ ಎಂದರೆ ಗಾರೆ ಕಲಸುವ ಜಾಗ. ಮಿಕ್ಸರ್ ತೊಳೆದ ನೀರು, ಒಡೆದ ಸಿಮೆಂಟು ಇಟ್ಟಿಗೆ, ಸುಣ್ಣದ ಪುಡಿ ಎಲ್ಲವೂ ಅಲ್ಲೇ ಇಂಗುತ್ತವೆ. ಗೃಹಪ್ರವೇಶ ಹತ್ತಿರ ಬಂದಾಗ ಅದರ ಮೇಲೆ ಒಂದು ಟಿಪ್ಪರ್ ಮಣ್ಣು ಹರಡಿ, ಹುಲ್ಲು ಹಾಸು ಹಾಕಿ, ಗಿಡ ನೆಡುತ್ತಾರೆ. ಬೇರು ಒಂದು ಅಡಿ ಇಳಿದರೆ ಸಿಗುವುದು ಸಿಮೆಂಟಿನ ಗಸಿ. ಇದನ್ನು ಕಂಡುಹಿಡಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ: ಒಂದು ಅಡಿ ಆಳದ ಒಣ ಮಣ್ಣಿಗೆ ವಿನಿಗರ್ ಸುರಿದು ಕಿವಿಗೊಟ್ಟು ಕೇಳಿದರೆ, ಸುಣ್ಣವಿದ್ದಲ್ಲಿ ಚುರುಚುರು ನೊರೆಯೇಳುತ್ತದೆ.

ಇನ್ನು ನೀರು. ಬಕೆಟ್ಟಿನ ಒಳಮೈಯಲ್ಲಿ, ಗೀಸರಿನ ಕಾಯಿಲ್ ಮೇಲೆ ಕೂರುವ ಬಿಳಿ ಪದರ ಈ ಜಿಲ್ಲೆಯ ನಾಲ್ಕೂ ತಾಲ್ಲೂಕಿನ ಗೃಹಿಣಿಯರಿಗೆ ಗೊತ್ತು. ಕೊಳವೆಬಾವಿಯ ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಬೈಕಾರ್ಬನೇಟುಗಳೇ ಆ ಪದರ. ದಿನವೂ ಪೈಪು ಹಿಡಿದರೆ ಅದೇ ಪದರ ಬೇರಿನ ಸುತ್ತಲೂ ಕಟ್ಟುತ್ತದೆ; ಬೈಕಾರ್ಬನೇಟು ಬೇರು ಕಬ್ಬಿಣ ಹೀರುವುದಕ್ಕೂ ಅಡ್ಡಿ ಮಾಡುತ್ತದೆ. ಅಡುಗೆಮನೆಯ ಆರ್.ಓ. ಯಂತ್ರ ಹೊರಗೆ ಬಿಡುವ ನೀರನ್ನು ಪೋಲಾಗಬಾರದೆಂದು ಗಿಡಕ್ಕೆ ಹಾಕುವವರು ಬಹಳ. ಅವರ ಉದ್ದೇಶ ದೊಡ್ಡದು, ಆದರೆ ಆ ನೀರಿನಲ್ಲಿ ಲವಣಾಂಶ ಬೋರಿನ ನೀರಿಗಿಂತಲೂ ಹೆಚ್ಚು. ಅದನ್ನು ಅಂಗಳ ತೊಳೆಯಲು ಬಳಸುವುದೇ ಮೇಲು. ಮೃದು ನೀರಿನ ಯಂತ್ರ ಅಳವಡಿಸಿದ ಮನೆಗಳಲ್ಲಿ ಗಡಸು ಹೋಗಿ ಸೋಡಿಯಂ ಬಂದಿರುತ್ತದೆ. ಅದರಿಂದ ಎಲೆಯ ತುದಿ ಮತ್ತು ಅಂಚು ಕಂದಾಗಿ ಸುಡುತ್ತವೆ.

ಇದೆಲ್ಲದರ ಮೇಲೆ ಡಿಎಪಿ ಸುರಿದರೆ? ಅದರಲ್ಲಿರುವ ರಂಜಕ ಅಳಿದುಳಿದ ಕಬ್ಬಿಣವನ್ನೂ ಸತುವನ್ನೂ ಕಟ್ಟಿಹಾಕುತ್ತದೆ. ಮಾಲಿಯ ಎರಡು ಹಿಡಿ ಗೊಬ್ಬರದಿಂದ ಎಲೆ ಇನ್ನಷ್ಟು ಬಿಳಚಿದ್ದಕ್ಕೆ ಕಾರಣ ಇದು.

ಸಂಪಿಗೆ ಬಯಸುವುದೇನು ಎಂದು ತಿಳಿಯಲು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಭಾರ್ಗವಿ ಹೊಳೆಯ ದಡದಲ್ಲಿ ಸೋಲಿಗರು ದೇವರೆಂದು ಪೂಜಿಸುವ ‘ದೊಡ್ಡ ಸಂಪಿಗೆ’ ಇದೆ. ಕಾಡಿನ ನೆರಳು, ವರ್ಷಗಟ್ಟಲೆ ಉದುರಿ ಕೊಳೆತ ತರಗೆಲೆ, ಹತ್ತಿರದಲ್ಲೇ ಹರಿಯುವ ಮೆದು ನೀರು. ಪಶ್ಚಿಮ ಘಟ್ಟದ ಮಳೆಕಾಡಿನ ಈ ಮರವನ್ನು ಬಯಲುಸೀಮೆಯ ಮನೆಮನೆಗೆ ತಂದದ್ದು ಹೂವಿನ ಮೇಲಿನ ಪ್ರೀತಿ. ಮಲ್ಲೇಶ್ವರದಲ್ಲಿ ಒಂದು ರಸ್ತೆಗೇ ಅದರ ಹೆಸರು. ಮರ ಒಗ್ಗಿಕೊಂಡಿದೆ, ನಿಜ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ, ಸುಣ್ಣದ ನೀರು ಕುಡಿದು, ಗುಡಿಸಿ ಬೋಳಾದ ನೆಲದಲ್ಲಿ ನಿಂತಾಗ ಆ ಒಗ್ಗಿಕೆ ಸಾಕಾಗುವುದಿಲ್ಲ.

ಊಹೆಯನ್ನು ಪರೀಕ್ಷಿಸಲು ಸುಮಾರು 180 ವರ್ಷ ಹಳೆಯ ವಿಧಾನವೊಂದಿದೆ. 1840ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿ ಎಂಬಾತ ಬಿಳಚಿದ ಎಲೆಗೆ ಕಬ್ಬಿಣದ ಲವಣದ ದ್ರಾವಣ ಹಚ್ಚಿ, ಹಚ್ಚಿದ ಜಾಗವಷ್ಟೇ ಹಸಿರಾಗುವುದನ್ನು ತೋರಿಸಿದ. ಆ ಲವಣವೇ ನಮ್ಮ ಗ್ರಂಥಿಗೆ ಅಂಗಡಿಯ ಅನ್ನಭೇದಿ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಬಿಸಿಲು ಇಳಿದ ಮೇಲೆ ಒಂದೇ ಒಂದು ರೆಂಬೆಗೆ ಸಿಂಪಡಿಸಿ, ಗುರುತಿಗೆ ಬಣ್ಣದ ದಾರ ಕಟ್ಟಬೇಕು. ಬೋರಿನ ನೀರಿನಲ್ಲಿ ಕಬ್ಬಿಣ ತಳ ಸೇರುತ್ತದೆ, ಮಳೆನೀರು ಉತ್ತಮ. ಟೈಲ್ಸ್ ಮೇಲೆ ಬಿದ್ದರೆ ಕಂದು ಕಲೆ ಉಳಿಯುತ್ತದೆ. ಹತ್ತು ಹದಿನೈದು ದಿನದಲ್ಲಿ ದಾರ ಕಟ್ಟಿದ ರೆಂಬೆ ಹಸಿರಾಗಿ, ಉಳಿದದ್ದು ಹಳದಿಯಾಗೇ ಇದ್ದರೆ ಕೊರತೆ ಕಬ್ಬಿಣದ್ದೇ. ಆಗದಿದ್ದರೆ ಬೇರೆ ಕಾರಣ ಹುಡುಕಬೇಕು, ಮರಕ್ಕೆ ಹಾನಿಯೇನೂ ಆಗಿರುವುದಿಲ್ಲ.

ಸಿಂಪಡಣೆ ತಾತ್ಕಾಲಿಕ. ಮಣ್ಣಿಗೆ ಹಾಕುವುದಾದರೆ ಅನ್ನಭೇದಿ ಸುಣ್ಣದ ಮಣ್ಣಿನಲ್ಲಿ ಬೇಗನೆ ಕೆಲಸಕ್ಕೆ ಬಾರದಂತಾಗುತ್ತದೆ. ಅಂಗಡಿಯಲ್ಲಿ ಸಿಗುವ ಚಿಲೇಟ್ ಕಬ್ಬಿಣದಲ್ಲೂ ಬೇರೆ ಬೇರೆ ಬಗೆ ಇವೆ, ಚೀಟಿ ಓದಿ ಕೊಳ್ಳಬೇಕು: ಇ.ಡಿ.ಟಿ.ಎ. ರೂಪದ್ದು ರಸಸಾರ ಆರೂವರೆ ದಾಟಿದರೆ ನಿಲ್ಲುವುದಿಲ್ಲ, ಇ.ಡಿ.ಡಿ.ಎಚ್.ಎ. ರೂಪದ್ದು ಸುಣ್ಣದ ಮಣ್ಣಿನಲ್ಲೂ ನಿಲ್ಲುತ್ತದೆ. ಬಾಳಿಕೆ ಬರುವ ಉಪಚಾರ ಮಾತ್ರ ಹಳೆಯದೇ: ಸಿಮೆಂಟಿನ ಚೂರು ಆಯ್ದು ತೆಗೆಯುವುದು, ಕೊಳೆತ ಕೊಟ್ಟಿಗೆ ಗೊಬ್ಬರ, ಮೂರು ನಾಲ್ಕು ಅಂಗುಲ ತರಗೆಲೆಯ ಹೊದಿಕೆ, ಚಾವಣಿಯ ಮಳೆನೀರನ್ನು ಚರಂಡಿಗೆ ಬಿಡದೆ ಮರದ ಪಾತಿಗೆ ತಿರುಗಿಸುವುದು.

ಎಳೆ ಎಲೆ ಹಳದಿಯಾದ ಮಾತ್ರಕ್ಕೆ ಮಣ್ಣಿನ ರಸಸಾರವೇ ಕಾರಣ ಎಂದೂ ಅಲ್ಲ. ಸದಾ ಜವುಗಾಗಿರುವ ನೆಲದಲ್ಲಿ ಬೇರಿಗೆ ಗಾಳಿ ಸಿಗದೆ ಅದು ಕೆಲಸ ನಿಲ್ಲಿಸುತ್ತದೆ. ಆಗಲೂ ಎಲೆ ಹಳದಿ. ನೀರು ಹೆಚ್ಚಾದ ಮರ ನೀರಿಲ್ಲದ ಮರದಂತೆಯೇ ಬಾಡುತ್ತದೆ. ಬಾಡಿದ್ದನ್ನು ಕಂಡು ಇನ್ನಷ್ಟು ನೀರು ಬಿಡುವುದು ಕೈತೋಟಗಳಲ್ಲಿ ಮರ ಸಾಯುವ ಅತಿ ಸಾಮಾನ್ಯ ದಾರಿ. ಒಂದು ಅಡಿ ಗುಂಡಿ ತೋಡಿ, ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ನೋಡಬೇಕು. ಎರಡನೆಯ ಸಲದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಕೆಳಗೆ ಜೆಸಿಬಿ ಓಡಾಡಿ ಗಟ್ಟಿಯಾದ ಪದರವಿದೆ ಎಂದು ತಿಳಿಯಬಹುದು.

ಬುಡದ ಆಕಾರವನ್ನೂ ನೋಡಬೇಕು. ಆರೋಗ್ಯವಂತ ಮರದ ಕಾಂಡ ನೆಲ ಮುಟ್ಟುವಲ್ಲಿ ಆನೆಯ ಪಾದದಂತೆ ಅಗಲವಾಗಿರುತ್ತದೆ. ವಿದ್ಯುತ್ ಕಂಬದಂತೆ ನೇರವಾಗಿ ಮಣ್ಣಿಗೆ ಇಳಿದಿದ್ದರೆ ಸೈಟು ಎತ್ತರಿಸುವಾಗ ಸುರಿದ ಮಣ್ಣು ಅದರ ಕೊರಳಿನವರೆಗೆ ಬಂದಿದೆ ಎಂದರ್ಥ. ಹೊಲದಲ್ಲಿ ಮೊದಲೇ ಇದ್ದ ಹೊಂಗೆ, ಬೇವಿನ ಮರಗಳನ್ನು ಕಡಿಯದೆ ಉಳಿಸಿಕೊಂಡ ಪುಣ್ಯಾತ್ಮರ ಅಂಗಳದಲ್ಲೂ ಹೀಗಾಗುತ್ತದೆ: ಮರ ಉಳಿಯಿತು, ಬುಡ ಎರಡು ಅಡಿ ಹೂತುಹೋಯಿತು. ಮರ ಕೂಡಲೇ ದೂರು ಹೇಳುವುದಿಲ್ಲ. ಒಂದೆರಡು ವರ್ಷದ ಮೇಲೆ ನೆತ್ತಿಯಿಂದ ಒಣಗುತ್ತಾ ಬರುತ್ತದೆ, ಅಷ್ಟು ಹೊತ್ತಿಗೆ ಮಣ್ಣು ಸುರಿದದ್ದು ಮನೆಯವರಿಗೆ ಮರೆತೇ ಹೋಗಿರುತ್ತದೆ.

ಬರವೂ ಹಾಗೆಯೇ ತಡವಾಗಿ ಮಾತಾಡುತ್ತದೆ. 2023ರ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಅಂಥ ಬೇಸಿಗೆಯಲ್ಲಿ ನೀರು ಹೀರುವ ಸಣ್ಣ ಬೇರುಗಳನ್ನು ಕಳೆದುಕೊಂಡ ಮರ ಅದರ ಮರುವರ್ಷ ಒಳ್ಳೆಯ ಮಳೆ ಬಂದಾಗಲೂ ಕೊಂಬೆ ಒಣಗಿಸಿಕೊಳ್ಳಬಹುದು. ಈ ವರ್ಷದ ಎಲೆಯನ್ನು ಓದುವಾಗ ಹಿಂದಿನ ಎರಡು ವರ್ಷವನ್ನು ನೆನಪಿಸಿಕೊಳ್ಳಬೇಕಾಗುವುದು ಅದಕ್ಕೇ. ಕೊಂಬೆ ಸತ್ತಿದೆಯೋ ಇಲ್ಲವೋ ಎಂಬುದಕ್ಕೆ ಉಗುರಿನಿಂದ ಸಿಪ್ಪೆ ಕೆರೆದರೆ ಸಾಕು. ಒಳಗೆ ಹಸಿರು ಹಸಿ ಕಂಡರೆ ಜೀವವಿದೆ. ಪೊಳ್ಳು ಕಾಂಡವೂ ಸಾವಿನ ಗುರುತಲ್ಲ: ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿನ ಮುದಿ ಮರಗಳ ಕಾಂಡ ಪೊಳ್ಳಾಗಿದ್ದರೂ ನೆತ್ತಿಯಲ್ಲಿ ಎಲೆ ತೂಗುತ್ತಿರುತ್ತದೆ. ಮರ ಬದುಕುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ಪೊಳ್ಳು ಕಂಡಾಕ್ಷಣ ಕೊಡಲಿ ತರುವ ಅಗತ್ಯವಿಲ್ಲ. ಆದರೆ ಗುಲ್‌ಮೊಹರಿನ ಬುಡದಲ್ಲಿ ಮೆರುಗೆಣ್ಣೆ ಬಳಿದಂತೆ ಹೊಳೆಯುವ ಕಂದು ಅಣಬೆ ಎದ್ದರೆ ಅದು ಗ್ಯಾನೋಡರ್ಮ, ಬೇರು ಕೊಳೆತಿರುವ ಸೂಚನೆ. ಅಂಥ ಮರ ಮನೆಯತ್ತ ವಾಲಿದ್ದರೆ ತಡಮಾಡದೆ ತಜ್ಞರನ್ನು ಕರೆಸಬೇಕು.

ಈ ಜಿಲ್ಲೆಯದೇ ಆದ ಇನ್ನೊಂದು ಮರ ಎಲೆ ಓದುವ ವಿದ್ಯೆಗೆ ಒಳ್ಳೆಯ ಪಾಠ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹಿತ್ತಲಲ್ಲಿ ಒಂದು ಚಕ್ಕೋತವಿದ್ದರೆ ಮನೆಗೇ ಕಳೆ. ಅದರ ಹಳದಿ ಎಲೆಯನ್ನು ನಡುನರದ ಮೇಲೆ ಮಡಚಿ ನೋಡಬೇಕು. ಎಡಬಲ ಎರಡೂ ಪಕ್ಕದ ಹಳದಿ ಕನ್ನಡಿ ಹಿಡಿದಂತೆ ಒಂದಕ್ಕೊಂದು ಹೊಂದಿಕೊಂಡರೆ ಅದು ಪೋಷಕಾಂಶದ ಕೊರತೆ. ಚಿಕ್ಕದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಪಟ್ಟೆ ಮೂಡಿದ ಎಲೆಯಾದರೆ ಹೆಚ್ಚಾಗಿ ಸತುವಿನ ಕೊರತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಜಾತಿಯ ಗಿಡಗಳಿಗೆಂದೇ ‘ಸಿಟ್ರಸ್ ಸ್ಪೆಷಲ್’ ಎಂಬ ಲಘು ಪೋಷಕಾಂಶದ ಮಿಶ್ರಣ ಸಿದ್ಧಪಡಿಸಿದೆ. ಎರಡು ಪಕ್ಕ ಹೊಂದದೆ, ನರವನ್ನೂ ದಾಟಿ ಅಡ್ಡಾದಿಡ್ಡಿ ಮಚ್ಚೆ ಹರಡಿದ್ದರೆ ಅದು ‘ಗ್ರೀನಿಂಗ್’ ರೋಗವಿರಬಹುದು. ಸಿಲ್ಲಿಡ್ ಎಂಬ ಸಣ್ಣ ಕೀಟ ಹೊತ್ತು ತರುವ ಬ್ಯಾಕ್ಟೀರಿಯಾದಿಂದ ಬರುವ ಈ ರೋಗಕ್ಕೆ ವಾಸಿಮಾಡುವ ಮದ್ದಿಲ್ಲ. ಒಂದಕ್ಕೆ ಒಂದು ಪೊಟ್ಟಣ ಸಾಕು, ಇನ್ನೊಂದಕ್ಕೆ ಮರವನ್ನೇ ಕಳೆದುಕೊಳ್ಳಬೇಕಾಗಬಹುದು. ವ್ಯತ್ಯಾಸ ತಿಳಿಸುವುದು ಒಂದು ಮಡಿಕೆ.

ಎಷ್ಟೋ ಸಲ ಕಾಯಿಲೆಯೇ ಇರುವುದಿಲ್ಲ. ಬಾದಾಮಿ ಮರ ಕೆಂಪೇರಿ ಉದುರುವುದು, ಶಿಶಿರದಲ್ಲಿ ಹೊಂಗೆ ಬೋಳಾಗಿ ಯುಗಾದಿಗೆ ತಳಿರು ತೊಡುವುದು, ಸಂಪಿಗೆಯ ಒಳಗಿನ ನಾಲ್ಕು ಹಳೆ ಎಲೆ ಹಳದಿಯಾಗಿ ಬೀಳುವುದು ಸಹಜ. ಹೊಂಗೆ ಎಲೆಯ ತುಂಬ ಏಳುವ ಗಂಟುಗಳು ಕಣ್ಣಿಗೆ ಕಾಣದ ನುಸಿಯ ಕೆಲಸ. ನೋಡಲು ಅಸಹ್ಯ, ಮರಕ್ಕೆ ಅಷ್ಟೇನೂ ತೊಂದರೆಯಿಲ್ಲ. ದೇವಕಣಗಿಲೆಯ ಎಲೆಯ ಅಡಿಯಲ್ಲಿ ಅರಿಶಿನ ಉದುರಿಸಿದಂತೆ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ. ಉದುರಿದ ಎಲೆ ಗುಡಿಸಿ ಸುಟ್ಟರೆ ಬಹುಪಾಲು ಹತೋಟಿಗೆ ಬರುತ್ತದೆ.

ಬೇವು ಹೆಚ್ಚು ಹೆದರಿಸುತ್ತದೆ. ಮಳೆಗಾಲ ಕಳೆಯುವ ಹೊತ್ತಿಗೆ ರೆಂಬೆಗಳ ತುದಿಗಳೆಲ್ಲ ಬೆಂಕಿ ತಾಗಿದಂತೆ ಕಂದಾಗುತ್ತವೆ. ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಬೇವಿನ ಶಾಸ್ತ್ರೀಯ ಹೆಸರನ್ನೇ ಸೇರಿಸಿ ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂದು ಕರೆದರು. ಚಿಗುರು ಹೀರುವ ಚಹಾ ಸೊಳ್ಳೆ ಎಂಬ ತಿಗಣೆಯ ಕಾಟವೂ ಇದರ ಜೊತೆಗೂಡುತ್ತದೆ. ಗಟ್ಟಿ ಮರಗಳು ಸಾಮಾನ್ಯವಾಗಿ ಮುಂದಿನ ಬೇಸಿಗೆಗೆ ಮತ್ತೆ ಚಿಗುರುತ್ತವೆ. ಎಟಕುವ ಒಣ ರೆಂಬೆ ಕತ್ತರಿಸಿ ಸುಡುವುದು ಸರಿ, ನಲವತ್ತು ಅಡಿ ಮರಕ್ಕೆ ಔಷಧಿ ಹಾರಿಸುವುದು ಸರಿಯಲ್ಲ.

ಔಷಧಿಯ ವಿಚಾರದಲ್ಲಿ ಈ ಜಿಲ್ಲೆಗೆ ಇನ್ನೊಂದು ಎಚ್ಚರ ಬೇಕು. ಬೇಲಿಯಾಚೆ ಹಿಪ್ಪುನೇರಳೆ ತೋಟವಿರಬಹುದು. ಗಾಳಿಯಲ್ಲಿ ತೇಲಿ ಹೋದ ಕೀಟನಾಶಕ ಸೊಪ್ಪಿನ ಮೇಲೆ ಕೂತರೆ ರೈತನ ಮನೆಯ ರೇಷ್ಮೆ ಹುಳುಗಳು ತಟ್ಟೆಯಲ್ಲೇ ಸಾಯುತ್ತವೆ. ಔಷಧಿಗಿಂತ ಮೇಲಾದದ್ದೂ ಈ ನೆಲದಲ್ಲಿ ನಡೆದಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹರಡಿ ಪರಂಗಿ, ಹಿಪ್ಪುನೇರಳೆ, ದಾಸವಾಳ, ದೇವಕಣಗಿಲೆಗಳನ್ನು ಬೆಳ್ಳಗೆ ಮುಚ್ಚಿತು. 2010ರಲ್ಲಿ ಹೆಬ್ಬಾಳದ ಕೃಷಿ ಕೀಟ ಸಂಸ್ಥೆ ಪೋರ್ಟೊ ರಿಕೊದಿಂದ ಮೂರು ಜಾತಿಯ ಸಣ್ಣ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿತು. ತಿಗಣೆಯೊಳಗೆ ಮೊಟ್ಟೆಯಿಡುವ ಆ ಕಣಜಗಳು ಅದನ್ನು ಹತೋಟಿಗೆ ತಂದವು. ಇಂದು ದಾಸವಾಳದ ಮೇಲೆ ಬಿಳಿ ಹತ್ತಿಯಂಥದ್ದು ಕಂಡು ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಕಣಜಗಳೇ. ಎಲೆ ಅಂಟಂಟಾಗಿ ಮೇಲೆ ಕಾಡಿಗೆ ಹತ್ತಿದಂತಿದ್ದರೆ, ಕಾಂಡದ ಮೇಲೆ ಇರುವೆಯ ಸಾಲು ಹರಿದಿದ್ದರೆ ಮೇಲೆಲ್ಲೋ ರಸ ಹೀರುವ ಕೀಟವಿದೆ. ಪೈಪಿನ ರಭಸದ ನೀರು, ಆಮೇಲೆ ಬೇವಿನೆಣ್ಣೆ, ಅಷ್ಟರಲ್ಲೇ ಬಹಳಷ್ಟು ಸಲ ಮುಗಿಯುತ್ತದೆ.

ಕಣ್ಣಿಗೆ ತೀರ್ಮಾನ ಸಿಗದಿದ್ದರೆ ಮಣ್ಣು ಪರೀಕ್ಷೆ. ಕೊಂಬೆಗಳ ನೆರಳಿನ ಅಂಚಿನಲ್ಲಿ, ಅಂದರೆ ನೀರು ಹೀರುವ ಬೇರುಗಳಿರುವಲ್ಲಿ, ನಾಲ್ಕೈದು ಕಡೆ ಒಂದು ಅಡಿ ಆಳದವರೆಗೆ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ ಬಟ್ಟೆ ಚೀಲದಲ್ಲಿ ಒಯ್ಯಬೇಕು. ಬೋರಿನ ನೀರನ್ನೂ ಒಂದು ಬಾಟಲಿ ಜೊತೆಗಿಡುವುದು ಜಾಣತನ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವಿದೆ. ನಗರದ ಅಂಚಿನವರಿಗೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ, ನೆಲಮಂಗಲದವರಿಗೆ ಹೆಸರಘಟ್ಟ ಹತ್ತಿರ. ರೋಗದ ಅನುಮಾನವಿದ್ದರೆ ಪೂರ್ತಿ ಒಣಗಿದ ಎಲೆಗಿಂತ ಅರ್ಧ ಹಸಿರು ಅರ್ಧ ಹಳದಿಯಾದ ರೆಂಬೆಯೇ ತಜ್ಞರಿಗೆ ಉಪಯೋಗ.

ಆ ಸಂಪಿಗೆಗೆ ಪಾತಿಯನ್ನು ಕಾಂಡದಿಂದ ದೂರಕ್ಕೆ ಅಗಲಿಸಿ, ತರಗೆಲೆ ಹೊದಿಸಿ, ಚಾವಣಿಯ ಕೊಳವೆಯನ್ನು ಅತ್ತ ತಿರುಗಿಸಿದ ಮೇಲೆ ಮಾಡುವುದು ಕಾಯುವುದಷ್ಟೇ. ಈಗಾಗಲೇ ಬಿಳಚಿದ ಎಲೆಗಳಲ್ಲಿ ಕೆಲವು ಹಾಗೆಯೇ ಉದುರುತ್ತವೆ, ಅವನ್ನು ನೋಡಿ ಫಲ ಅಳೆಯಬಾರದು. ಮಳೆನೀರಿನಲ್ಲಿ ಸುಣ್ಣವಿಲ್ಲ. ಜೂನ್ ಜುಲೈನ ಮಳೆ ನಾಲ್ಕಾರು ಸಲ ಮಣ್ಣನ್ನು ತೊಳೆದ ಮೇಲೆ ಬರುವ ಚಿಗುರಿನಿಂದ ಒಂದು ಎಲೆ, ಏಪ್ರಿಲ್‌ನಲ್ಲಿ ಕಿತ್ತು ಪುಸ್ತಕದ ಹಾಳೆಗಳ ನಡುವೆ ಇಟ್ಟಿದ್ದ ಇನ್ನೊಂದು ಎಲೆ: ಎರಡನ್ನೂ ಅಂಗೈ ಮೇಲಿಟ್ಟು ಬೆಳಕಿಗೆ ಹಿಡಿದರೆ ನರಗಳ ನಡುವಿನ ಬಣ್ಣ ಎಷ್ಟು ಬದಲಾಗಿದೆ ಎಂದು ಕಾಣುತ್ತದೆ.